ಡ್ರಮ್ ಸ್ಯಾಂಡರೋ, ವೈಡ್ ಬೆಲ್ಟ್ ಸ್ಯಾಂಡರೋ: ಕೊಳ್ಳುವ ಮೊದಲು ಒಂದು ಲೆಕ್ಕ

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಕಡೆ ಮನೆ ಕಟ್ಟಿಸುವವರು ಬಾಗಿಲು, ಚೌಕಟ್ಟು, ಮಂಚ, ಕಪಾಟು ಮಾಡಿಸಲು ಈಗಲೂ ಊರಿನ ಕಟ್ಟಿಗೆ ಅಂಗಡಿಗೆ ಬರುತ್ತಾರೆ. ಖಾನಾಪುರ, ಹಳಿಯಾಳ, ದಾಂಡೇಲಿಯ ಕಾಡು ನಮಗೆ ದೂರವಲ್ಲ, ಸಾಗವಾನಿ ಆ ಕಡೆಯಿಂದ ಬರುತ್ತದೆ. ಬೇವು, ಜಾಲಿ, ಮಾವು ನಮ್ಮ ಹೊಲದ ಬದುವಿನಲ್ಲೇ ಸಿಗುತ್ತವೆ. ಕೊಯ್ಯಲು ಸಾ ಮಿಲ್ ಇದೆ. ರಂದಾ ಹೊಡೆಯಲು ಪ್ಲೇನರ್ ಮಷಿನ್ ಬಂದಿದೆ. ಆದರೆ ಉಜ್ಜಿ ನುಣುಪು ಮಾಡುವ ಕೆಲಸ ಬಹಳ ಅಂಗಡಿಗಳಲ್ಲಿ ಇನ್ನೂ ಕೈಯಿಂದಲೇ, ಇಲ್ಲವೇ ಕೈಯಲ್ಲಿ ಹಿಡಿಯುವ ಸಣ್ಣ ಮಷಿನ್‌ನಿಂದಲೇ ನಡೆಯುತ್ತದೆ.

ಉಜ್ಜುವ ಕಾಗದಕ್ಕೆ ನಮ್ಮ ಮನೆಯ ಉರ್ದುವಿನಲ್ಲಿ 'ರೇಗ್‌ಮಾಲ್' ಎನ್ನುತ್ತಾರೆ. 'ರೇಗ್' ಎಂದರೆ ಮರಳು, 'ಮಾಲ್' ಎಂದರೆ ಉಜ್ಜುವುದು. ಹೆಸರಿನಲ್ಲೇ ಕೆಲಸ ಇದೆ. ಬಾಗಿಲಿನ ಎರಡೂ ಮಗ್ಗುಲನ್ನು ಕೈಯಿಂದ ಉಜ್ಜಲು ನಮ್ಮ ಮಾಮುವಿನ ಅಂಗಡಿಯಲ್ಲಿ ಒಬ್ಬ ಹುಡುಗನಿಗೆ ಅರ್ಧ ದಿನ ಹೋಗುತ್ತದೆ. ಹಾಗಾಗಿ ಮಾಮು ಈ ವರ್ಷ ಉಜ್ಜುವ ಮಷಿನ್ ತೆಗೆದುಕೊಳ್ಳಬೇಕೆಂದಿದ್ದಾರೆ. ಮಷಿನ್‌ನಲ್ಲಿ ಎರಡು ಜಾತಿ: ಡ್ರಮ್ ಸ್ಯಾಂಡರ್ ಮತ್ತು ವೈಡ್ ಬೆಲ್ಟ್ ಸ್ಯಾಂಡರ್. ಮಾರುವವರು ತೋರಿಸಿದ ವಿಡಿಯೋ ನೋಡಿ ಮಾಮುವಿನ ಮನಸ್ಸು ದೊಡ್ಡದರ ಮೇಲೆ, ಅಂದರೆ ವೈಡ್ ಬೆಲ್ಟ್ ಮೇಲೆ ಕುಳಿತಿದೆ. ಅದನ್ನು ತರಬೇಕಾದರೆ ಮಾಮಿಯ ಬಂಗಾರ ಅಡವಿಡಬೇಕು. "ನೀನು ಕಾಮರ್ಸ್ ಓದುತ್ತೀಯಲ್ಲ, ಲೆಕ್ಕ ಹಾಕಿ ಹೇಳು" ಎಂದು ಮಾಮಿಯೇ ನನಗೆ ಹೇಳಿದರು. ಆಗ ತಿಳಿದುಕೊಂಡದ್ದನ್ನೂ ಹಾಕಿದ ಲೆಕ್ಕವನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಾಲೇಜಿನಲ್ಲಿ ಕಟ್ಟಿಗೆ ಕೆಲಸದ ಮನೆಯಿಂದ ಬಂದವರು ಹಲವರಿದ್ದಾರೆ. ಬೇರೆ ಧಂದೆಯವರಿಗೂ ಲೆಕ್ಕದ ರೀತಿ ಇದೇ.

ಎರಡೂ ಮಷಿನ್ ಹೇಗೆ ಕೆಲಸ ಮಾಡುತ್ತವೆ?

ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ. ಕೆಳಗೆ ಸಾಗುವ ಪಟ್ಟಿಯ ಮೇಲೆ ಹಲಗೆ ಇಟ್ಟರೆ ಅದು ಒಳಗೆ ಹೋಗುತ್ತದೆ, ಮೇಲಿನಿಂದ ಮಷಿನ್ ಉಜ್ಜುತ್ತದೆ, ಹಲಗೆ ಆ ಕಡೆ ಹೊರಗೆ ಬರುತ್ತದೆ. ವ್ಯತ್ಯಾಸ ಇರುವುದು ಒಳಗೆ.

ಡ್ರಮ್ ಸ್ಯಾಂಡರ್‌ನಲ್ಲಿ ಒಂದು ಲೋಹದ ಉರುಳೆ ಇರುತ್ತದೆ. ಲಟ್ಟಣಿಗೆಗೆ ಬಟ್ಟೆ ಸುತ್ತಿದ ಹಾಗೆ, ಉಜ್ಜುವ ಪಟ್ಟಿಯನ್ನು ಅದರ ಸುತ್ತ ಓರೆಯಾಗಿ ಸುತ್ತಿ ಎರಡೂ ತುದಿಗೆ ಕ್ಲಿಪ್ ಹಾಕಿರುತ್ತಾರೆ. ಉರುಳೆ ತಿರುಗಿದಂತೆ ಪಟ್ಟಿ ಕಟ್ಟಿಗೆಯನ್ನು ಉಜ್ಜುತ್ತದೆ.

ವೈಡ್ ಬೆಲ್ಟ್‌ನಲ್ಲಿ ಉಜ್ಜುವುದು ಒಂದು ಅಗಲವಾದ, ತುದಿಯಿಲ್ಲದ ಬೆಲ್ಟ್. ಅದು ಮೇಲೊಂದು ಕೆಳಗೊಂದು ರೋಲರ್ ಮೇಲೆ ಓಡುತ್ತದೆ. ಗಾಳಿಯ ಒತ್ತಡದಿಂದ ಬೆಲ್ಟ್ ಬಿಗಿಯಾಗಿ ನಿಲ್ಲುತ್ತದೆ, ಆದ್ದರಿಂದ ಕಂಪ್ರೆಸರ್ ಬೇಕು. ಓಡುವಾಗ ಬೆಲ್ಟ್ ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಸರಿಯುತ್ತಲೇ ಇರುತ್ತದೆ. ಹೀಗಾಗಿ ಒಂದೇ ಜಾಗದಲ್ಲಿ ಗೆರೆ ಬೀಳುವುದಿಲ್ಲ.

ಇಲ್ಲಿ ಒಂದು ಸಣ್ಣ ಗಣಿತ ಇದೆ. ಡ್ರಮ್‌ನ ವ್ಯಾಸ 5 ಇಂಚು ಎಂದು ಹಿಡಿದರೆ ಅದರ ಸುತ್ತಳತೆ ಸುಮಾರು 16 ಇಂಚು. ಅಂದರೆ ಪಟ್ಟಿಯ ಪ್ರತಿಯೊಂದು ಮರಳಿನ ಕಣ 16 ಇಂಚು ಓಡಿದ ಕೂಡಲೇ ಮತ್ತೆ ಕಟ್ಟಿಗೆಯನ್ನು ಮುಟ್ಟುತ್ತದೆ. ವೈಡ್ ಬೆಲ್ಟ್‌ನ ಉದ್ದ 75 ಇಂಚು ಎಂದು ಹಿಡಿದರೆ, ಅದೇ ಕಣ 75 ಇಂಚು ಓಡಿದ ಮೇಲೆ ತಿರುಗಿ ಬರುತ್ತದೆ. ನಡುವೆ ಅದು ತಣ್ಣಗಾಗುತ್ತದೆ, ಧೂಳನ್ನೂ ಉದುರಿಸುತ್ತದೆ. ಡ್ರಮ್ ಬೇಗ ಬಿಸಿಯಾಗುತ್ತದೆ. ಎಣ್ಣೆ ಅಂಶವಿರುವ ಸಾಗವಾನಿ ಅಥವಾ ಅಂಟು ಇರುವ ಕಟ್ಟಿಗೆ ಕೊಟ್ಟು ಒಮ್ಮೆಗೇ ಹೆಚ್ಚು ಇಳಿಸಿದರೆ ಪಟ್ಟಿಯಲ್ಲಿ ಮೇಣದಂತೆ ಕಟ್ಟಿಕೊಂಡು ಹಲಗೆಯ ಮೇಲೆ ಕಪ್ಪು ಸುಟ್ಟ ಗೆರೆ ಮೂಡುತ್ತದೆ. ಆದ್ದರಿಂದ ಡ್ರಮ್‌ನಲ್ಲಿ ಒಂದು ಸಲಕ್ಕೆ ಕಾಲು ಮಿ.ಮೀ. ಆಸುಪಾಸು ಮಾತ್ರ ತೆಗೆಯಬೇಕು. ವೈಡ್ ಬೆಲ್ಟ್‌ನಲ್ಲಿ ಒರಟು ಬೆಲ್ಟ್ ಹಾಕಿದರೆ ಒಂದೇ ಸಲಕ್ಕೆ ಅರ್ಧ ಮಿ.ಮೀ.ಗಿಂತ ಹೆಚ್ಚು ತೆಗೆಯಬಹುದು.

ಯಾವುದರಲ್ಲಿ ಏನು ಸುಖ, ಏನು ಕಷ್ಟ?

ಡ್ರಮ್ ಸ್ಯಾಂಡರ್ ಚಿಕ್ಕದು, ಅಗ್ಗದ್ದು. 2 ಅಥವಾ 3 ಎಚ್‌ಪಿ ಮೋಟರ್ ಇರುವುದು ಸಿಂಗಲ್ ಫೇಸ್‌ನಲ್ಲೂ ನಡೆಯುತ್ತದೆ. ಪಟ್ಟಿಯ ರೋಲ್ ತಂದು ಬೇಕಾದಷ್ಟು ಕತ್ತರಿಸಿಕೊಳ್ಳಬಹುದು. ಆದರೆ 80 ನಂಬರ್ ತೆಗೆದು 120 ನಂಬರ್ ಸುತ್ತಲು ಸಮಯ ಬೇಕು, ಸಡಿಲ ಸುತ್ತಿದರೆ ಪಟ್ಟಿ ಒಂದರ ಮೇಲೊಂದು ಹತ್ತಿ ಹಲಗೆಯಲ್ಲಿ ಗಾಯ ಮಾಡುತ್ತದೆ. ಕೆಲಸ ನಿಧಾನ. ಹಲಗೆಯ ಉದ್ದಕ್ಕೂ ಸಣ್ಣ ಗೆರೆ ಉಳಿಯುತ್ತದೆ, ಪಾಲಿಶ್ ಹಚ್ಚುವ ಮೊದಲು ಮತ್ತೊಮ್ಮೆ ಕೈ ಮಷಿನ್ ಆಡಿಸಲೇಬೇಕು.

ವೈಡ್ ಬೆಲ್ಟ್ ವೇಗದ್ದು. ಬೆಲ್ಟ್ ಬದಲಿಸುವುದು ಒಂದೆರಡು ನಿಮಿಷದ ಕೆಲಸ. ನುಣುಪು ಹೆಚ್ಚು. ಆದರೆ ತ್ರೀ ಫೇಸ್ ಕರೆಂಟ್, ಕಂಪ್ರೆಸರ್, ದೊಡ್ಡ ಧೂಳು ಎಳೆಯುವ ಮಷಿನ್, ಗಟ್ಟಿ ನೆಲ, ಜಾಗ ಎಲ್ಲವೂ ಬೇಕು. 1 ಎಚ್‌ಪಿ ಎಂದರೆ 746 ವ್ಯಾಟ್. 20 ಎಚ್‌ಪಿ ಮೋಟರ್ ಎಂದರೆ ಸುಮಾರು 15 ಕಿಲೋವ್ಯಾಟ್. ಹೆಸ್ಕಾಂ ಬಿಲ್ಲಿನಲ್ಲಿ ಸುಟ್ಟ ಯೂನಿಟ್‌ಗೆ ಮಾತ್ರವಲ್ಲ, ಮಂಜೂರಾದ ಲೋಡ್‌ಗೂ ನಿಗದಿತ ಶುಲ್ಕ ಇರುತ್ತದೆ. ಮಷಿನ್ ಮುಚ್ಚಿ ಇಟ್ಟರೂ ಅದು ಬರುತ್ತದೆ. ಇನ್ನೊಂದು ಮಾತು: ಹಳೆಯ ಕಟ್ಟಿಗೆಯಲ್ಲಿ ಮುರಿದ ಮೊಳೆ ಅಡಗಿದ್ದು ಬೆಲ್ಟ್‌ಗೆ ತಾಗಿದರೆ ಇಡೀ ಬೆಲ್ಟ್ ಹರಿಯುತ್ತದೆ. ನಮ್ಮ ಕಡೆ ಹಳೆಯ ಮನೆ ಕೆಡವಿದ ತೊಲೆ, ಜಂತಿಗಳನ್ನು ಮತ್ತೆ ಬಾಗಿಲಿಗೆ ಬಳಸುವುದು ಇದೆಯಲ್ಲ, ಅಲ್ಲಿ ಇದನ್ನು ನೆನಪಿಡಬೇಕು.

ಎರಡೂ ಮಾಡಲಾರದ ಕೆಲಸಗಳೂ ಇವೆ. ಎರಡೂ ಸಮತಟ್ಟಾದ ಹಲಗೆಗೆ ಮಾತ್ರ. ಕೆತ್ತನೆಯ ಬಾಗಿಲಿಗೆ, ಕಡೆದ ಮಂಚದ ಕಾಲಿಗೆ ಕೈಯೇ ಗತಿ. ಬಾಗಿಲಿನ ನಿಂತ ಪಟ್ಟಿ, ಅಡ್ಡ ಪಟ್ಟಿ ಕೂಡುವ ಜಾಗದಲ್ಲಿ ಒಂದರ ಎಳೆ ಉದ್ದ, ಇನ್ನೊಂದರದು ಅಡ್ಡ. ಯಾವ ಮಷಿನ್‌ಗೆ ಕೊಟ್ಟರೂ ಅಡ್ಡ ಎಳೆಯ ಮೇಲೆ ಗೀರು ಬೀಳುತ್ತದೆ, ಅದನ್ನು ಆಮೇಲೆ ಕೈಯಿಂದ ತೆಗೆಯಬೇಕು. ಅಂದರೆ ಯಾವ ಮಷಿನ್ ಬಂದರೂ ಉಜ್ಜುವ ಹುಡುಗ ಬೇಡವಾಗುವುದಿಲ್ಲ. ಅವನ ಕೆಲಸ ಬದಲಾಗುತ್ತದೆ.

ಅಗಲವನ್ನೂ ಅಳೆಯಬೇಕು. ಮೂರೂವರೆ ಅಡಿ ಅಗಲದ ಮುಂಬಾಗಿಲು ಎಂದರೆ 42 ಇಂಚು. 36 ಇಂಚಿನ ಮಷಿನ್‌ನಲ್ಲಿ ಅದು ಹೋಗುವುದಿಲ್ಲ. ಒಂದು ಬದಿ ತೆರೆದಿರುವ ಡ್ರಮ್ ಸ್ಯಾಂಡರ್‌ನಲ್ಲಿ ಅರ್ಧ ಒಮ್ಮೆ, ತಿರುಗಿಸಿ ಇನ್ನರ್ಧ ಒಮ್ಮೆ ಕೊಡಬಹುದು. ಆದರೆ ಡ್ರಮ್ ಕೂದಲೆಳೆಯಷ್ಟು ಓರೆಯಾದರೂ ನಡುವೆ ಏಣು ಉಳಿಯುತ್ತದೆ. 1300 ಮಿ.ಮೀ. ಅಗಲದ ವೈಡ್ ಬೆಲ್ಟ್ ಸುಮಾರು 51 ಇಂಚು, ಅದರಲ್ಲಿ ಬಾಗಿಲು ಒಮ್ಮೆಗೇ ದಾಟುತ್ತದೆ.

ಈಗ ಲೆಕ್ಕ

ಪಿಯುಸಿಯಲ್ಲಿ ನಾವು ಸ್ಥಿರ ವೆಚ್ಚ, ಬದಲಾಗುವ ವೆಚ್ಚ, ಸವಕಳಿ ಓದುತ್ತೇವೆ. ಆ ಮೂರೂ ಇಲ್ಲಿ ಕೆಲಸಕ್ಕೆ ಬರುತ್ತವೆ. ಕೆಳಗಿನ ಮೊತ್ತಗಳು ಲೆಕ್ಕ ತಿಳಿಯಲು ಹಿಡಿದವು. ನಿಮ್ಮ ಕೈಯಲ್ಲಿರುವ ಕೊಟೇಶನ್ ಪ್ರಕಾರ ಬದಲಿಸಿಕೊಳ್ಳಿ.

ಡ್ರಮ್ ಸ್ಯಾಂಡರ್, ಧೂಳಿನ ಮಷಿನ್ ಸೇರಿ 2 ಲಕ್ಷ ರೂಪಾಯಿ. 8 ವರ್ಷ ಬಾಳಿ ಕೊನೆಗೆ 40,000ಕ್ಕೆ ಹೋಗುತ್ತದೆ ಎಂದುಕೊಳ್ಳೋಣ. ಸರಳ ರೇಖಾ ವಿಧಾನದಲ್ಲಿ ಸವಕಳಿ ವರ್ಷಕ್ಕೆ 20,000. ಲೋಡ್ ಶುಲ್ಕ, ರಿಪೇರಿ, ಜಾಗ ಇವಕ್ಕೆ 16,000. ಒಟ್ಟು 36,000, ತಿಂಗಳಿಗೆ 3,000 ಸ್ಥಿರ ವೆಚ್ಚ. ಕೂಲಿ, ಪಟ್ಟಿ, ಕರೆಂಟ್ ಸೇರಿ ಒಂದು ಚದರ ಅಡಿಗೆ 6 ರೂಪಾಯಿ.

ವೈಡ್ ಬೆಲ್ಟ್, ಕಂಪ್ರೆಸರ್ ಮತ್ತು ಧೂಳಿನ ಮಷಿನ್ ಸೇರಿ 10 ಲಕ್ಷ. 10 ವರ್ಷದ ಮೇಲೆ 2 ಲಕ್ಷಕ್ಕೆ ಹೋದರೆ ಸವಕಳಿ ವರ್ಷಕ್ಕೆ 80,000. ಉಳಿದ ಸ್ಥಿರ ಖರ್ಚು 64,000. ಒಟ್ಟು 1,44,000, ತಿಂಗಳಿಗೆ 12,000. ಕೆಲಸ ಬೇಗ ಆಗುವುದರಿಂದ ಚದರ ಅಡಿಗೆ 3 ರೂಪಾಯಿ ಸಾಕು.

ಅಂದರೆ ವೈಡ್ ಬೆಲ್ಟ್‌ಗೆ ತಿಂಗಳಿಗೆ 9,000 ಹೆಚ್ಚು ಕಟ್ಟುತ್ತೇವೆ, ಪ್ರತಿ ಚದರ ಅಡಿಯಲ್ಲಿ 3 ರೂಪಾಯಿ ಉಳಿಸುತ್ತೇವೆ. 9,000ವನ್ನು 3ರಿಂದ ಭಾಗಿಸಿದರೆ 3,000 ಚದರ ಅಡಿ. ಅದು ಗಡಿ. ತಿಂಗಳಿಗೆ ಅದಕ್ಕಿಂತ ಕಡಿಮೆ ಕೆಲಸ ಇದ್ದರೆ ಡ್ರಮ್, ಹೆಚ್ಚಿದ್ದರೆ ವೈಡ್ ಬೆಲ್ಟ್. 7 ಅಡಿ ಎತ್ತರ, ಮೂರೂವರೆ ಅಡಿ ಅಗಲದ ಬಾಗಿಲಿಗೆ ಎರಡೂ ಮಗ್ಗುಲು ಸೇರಿ 49 ಚದರ ಅಡಿ. ಹಾಗಾದರೆ 3,000 ಎಂದರೆ ತಿಂಗಳಿಗೆ 61 ಬಾಗಿಲು.

ಇನ್ನೊಂದು ಗಡಿಯೂ ಇದೆ. ಮಷಿನ್ ಇರುವ ಬೇರೆಯವರ ಹತ್ತಿರ ಕೂಲಿ ಕೊಟ್ಟು ಉಜ್ಜಿಸಿದರೆ ಸಾಗಣೆ ಸೇರಿ ಚದರ ಅಡಿಗೆ 9 ರೂಪಾಯಿ ಆಗುತ್ತದೆ ಎಂದು ಹಿಡಿಯೋಣ. ಡ್ರಮ್ ಇದ್ದರೆ 6. ಉಳಿಯುವುದು 3 ರೂಪಾಯಿ. ತಿಂಗಳ 3,000 ಸ್ಥಿರ ವೆಚ್ಚ ಹುಟ್ಟಬೇಕಾದರೆ 1,000 ಚದರ ಅಡಿ ಬೇಕು, ಅಂದರೆ ಸುಮಾರು 20 ಬಾಗಿಲು. ಅಷ್ಟೂ ಕೆಲಸ ಇಲ್ಲದವರು ಯಾವ ಮಷಿನ್ನೂ ಕೊಳ್ಳದೆ ಇರುವುದೇ ಲಾಭ.

ಮೇಲಿನ ಲೆಕ್ಕದಲ್ಲಿ ಒಂದು ಖರ್ಚು ಸೇರಿಲ್ಲ. ವೈಡ್ ಬೆಲ್ಟ್‌ನಲ್ಲಿ ಹೆಚ್ಚುವರಿ 8 ಲಕ್ಷ ರೂಪಾಯಿ ಸಿಕ್ಕಿಹಾಕಿಕೊಂಡಿರುತ್ತದೆ. ಅದೇ ದುಡ್ಡಿನಿಂದ ಒಣಗಿದ ಒಳ್ಳೆಯ ಸಾಗವಾನಿ ತಂದಿಟ್ಟಿದ್ದರೆ ಲಾಭ ಬರುತ್ತಿತ್ತು. ಕೈಬಿಟ್ಟ ಆ ಲಾಭಕ್ಕೆ ಅವಕಾಶ ವೆಚ್ಚ ಎನ್ನುತ್ತಾರೆ. ವರ್ಷಕ್ಕೆ ಶೇ. 9 ಎಂದು ಹಿಡಿದರೂ 72,000, ತಿಂಗಳಿಗೆ 6,000. ಆಗ ಹೆಚ್ಚುವರಿ ಭಾರ 9,000 ಅಲ್ಲ, 15,000. ಗಡಿ 3,000ದಿಂದ 5,000 ಚದರ ಅಡಿಗೆ ಏರುತ್ತದೆ, ಅಂದರೆ ತಿಂಗಳಿಗೆ 102 ಬಾಗಿಲು.

ಬಿಲ್ ಬುಕ್ ಹೇಳಿದ್ದು

ಮಾಮುವಿನ 12 ತಿಂಗಳ ಬಿಲ್ ಬುಕ್ ತೆಗೆದು ಮಾಮಿ ಓದುತ್ತಾ ಹೋದರು, ನಾನು ಚದರ ಅಡಿಗೆ ಇಳಿಸಿದೆ. ಸರಾಸರಿ ತಿಂಗಳಿಗೆ 1,400. ಸುಗ್ಗಿಯ ದುಡ್ಡು ಕೈಗೆ ಬಂದು ಮದುವೆ, ಗೃಹಪ್ರವೇಶ ಕೂಡಿ ಬರುವ ಒಳ್ಳೆಯ ತಿಂಗಳಲ್ಲಿ 2,600. ಆಷಾಢದಲ್ಲಿ ಯಾರೂ ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ, ಆಗ 500.

1,400ಕ್ಕೆ ಡ್ರಮ್‌ನಲ್ಲಿ ಖರ್ಚು 11,400, ವೈಡ್ ಬೆಲ್ಟ್‌ನಲ್ಲಿ 16,200. ಒಳ್ಳೆಯ ತಿಂಗಳಲ್ಲೂ ಡ್ರಮ್ 18,600, ವೈಡ್ ಬೆಲ್ಟ್ 19,800. ಆಷಾಢದಲ್ಲಿ 6,000ಕ್ಕೆ ಎದುರು 13,500. ಅವಕಾಶ ವೆಚ್ಚ ಹಿಡಿಯದೆಯೇ ಹೀಗೆ. ಅಂದರೆ ಅಡವಿಟ್ಟ ಬಂಗಾರ ವರ್ಷದ ಯಾವ ತಿಂಗಳಲ್ಲೂ ತನ್ನ ಖರ್ಚು ತಾನು ಹುಟ್ಟಿಸಿಕೊಳ್ಳುವುದಿಲ್ಲ. ಮಾಮು ಲೆಕ್ಕದ ಹಾಳೆಯನ್ನು ಎರಡು ಸಲ ನೋಡಿ, "ಮಷಿನ್ ಇದ್ದರೆ ಕೆಲಸ ತಾನಾಗಿ ಬರುತ್ತದೆ" ಎಂದರು. ಬರಬಹುದು. ಆದರೆ ಬಂದ ಮೇಲೆ ದೊಡ್ಡ ಮಷಿನ್ ಕೊಳ್ಳುವುದು ಸುಲಭ, ಬಾರದಿದ್ದರೆ ಅಡವು ಬಿಡಿಸುವುದು ಕಷ್ಟ.

ನಾಲ್ವರು ಕೂಡಿದರೆ ಲೆಕ್ಕ ಬೇರೆ

ಇಷ್ಟಕ್ಕೇ ನಿಲ್ಲಿಸಿದರೆ ವೈಡ್ ಬೆಲ್ಟ್ ನಮ್ಮಂಥ ಊರಿಗಲ್ಲ ಎಂದಾಗುತ್ತದೆ. ಹಾಗಲ್ಲ. ಒಂದೇ ಊರಿನ ನಾಲ್ಕು ಅಂಗಡಿ, ಪ್ರತಿಯೊಂದಕ್ಕೂ 1,400 ಚದರ ಅಡಿ ಕೆಲಸ ಎಂದುಕೊಳ್ಳಿ. ಒಟ್ಟು 5,600. ನಾಲ್ವರೂ ಬೇರೆ ಬೇರೆ ಡ್ರಮ್ ಕೊಂಡರೆ ತಿಂಗಳ ಖರ್ಚು 11,400ರ ನಾಲ್ಕು ಪಟ್ಟು, 45,600. ಕೂಡಿ ಒಂದು ವೈಡ್ ಬೆಲ್ಟ್ ಕೊಂಡರೆ 12,000 ಮತ್ತು 16,800, ಒಟ್ಟು 28,800. ಹಲಗೆ ಸಾಗಿಸಲು ಚದರ ಅಡಿಗೆ 1 ರೂಪಾಯಿ, ನಾಲ್ಕು ಡ್ರಮ್‌ಗಿಂತ ಹೆಚ್ಚು ಹಾಕಿದ 2 ಲಕ್ಷದ ಅವಕಾಶ ವೆಚ್ಚ 1,500, ಎರಡನ್ನೂ ಕಳೆದರೂ ತಿಂಗಳಿಗೆ 9,700 ಉಳಿಯುತ್ತದೆ. ಒಬ್ಬೊಬ್ಬರು ಹಾಕುವ ಬಂಡವಾಳ ಎರಡೂವರೆ ಲಕ್ಷ, ಸ್ವಂತ ಡ್ರಮ್‌ಗಿಂತ 50,000 ಮಾತ್ರ ಹೆಚ್ಚು. ಒಂದೇ ಡ್ರಮ್ ನಾಲ್ವರು ಹಂಚಿಕೊಂಡರೆ ಆಗದೇ ಎಂದು ಕೇಳಬಹುದು. ಆಗಬಹುದು, ಆದರೆ ಅಷ್ಟು ಕೆಲಸಕ್ಕೆ ಡ್ರಮ್ ನಿಧಾನ, ಮದುವೆ ಸೀಜನ್‌ನಲ್ಲಿ ಸರದಿ ಮುಗಿಯುವುದಿಲ್ಲ.

ಹಾಗಾದರೆ ಯಾಕೆ ಎಲ್ಲರೂ ಹೀಗೆ ಮಾಡುವುದಿಲ್ಲ? ಜಗಳದ ಹೆದರಿಕೆ. ಮೊದಲ ಸರದಿ ಯಾರದು? ಮೊಳೆ ಇದ್ದ ಹಲಗೆ ಕೊಟ್ಟು ಬೆಲ್ಟ್ ಹರಿದವರು ಯಾರು? ಇದಕ್ಕೆ ಉತ್ತರ ಬರೆದ ಒಪ್ಪಂದ. 1932ರ ಭಾರತೀಯ ಪಾಲುದಾರಿಕೆ ಕಾಯಿದೆ ಪ್ರಕಾರ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಸಮಾನ ಹಂಚಿಕೆ, ಬಂಡವಾಳದ ಮೇಲೆ ಬಡ್ಡಿ ಇಲ್ಲ, ದುಡಿದ ಪಾಲುದಾರನಿಗೆ ಸಂಬಳ ಇಲ್ಲ. ಇದನ್ನು ನಾವು ಪರೀಕ್ಷೆಗೆ ಬಾಯಿಪಾಠ ಮಾಡುತ್ತೇವೆ. ಇಲ್ಲಿ ಅದರ ಅರ್ಥ ಹೀಗೆ: ಒಬ್ಬರು 4 ಲಕ್ಷ, ಇನ್ನೊಬ್ಬರು 1 ಲಕ್ಷ ಹಾಕಿದರೂ ಕಾಗದ ಇಲ್ಲದಿದ್ದರೆ ಪಾಲು ಸಮ. ದಿನವೂ ಮಷಿನ್ ನಡೆಸಿದವನಿಗೂ, ಬಂದು ನೋಡಿಹೋದವನಿಗೂ ಸಮ. ಆದ್ದರಿಂದ ಬಂಡವಾಳ, ಸರದಿ, ಬೆಲ್ಟ್ ಖರ್ಚು, ರಿಪೇರಿ, ಬಿಟ್ಟು ಹೋಗುವವನಿಗೆ ಕೊಡುವ ಮೊತ್ತ ಎಲ್ಲವನ್ನೂ ಮೊದಲೇ ಬರೆದುಕೊಳ್ಳಬೇಕು. ಬಡ್ಡಿ ಸಾಲ ಬೇಡ ಎನ್ನುವ ಮನೆಗಳಿಗೂ ಇದು ಸರಿಹೋಗುವ ದಾರಿ. ಸಾಲ ಬೇಕು ಎನ್ನುವವರು 2023ರ ಸೆಪ್ಟೆಂಬರ್‌ನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ವಿಚಾರಿಸಬಹುದು. ಅದರ 18 ಕಸುಬುಗಳಲ್ಲಿ ಬಡಿಗತನವೂ ಇದೆ. ಸಾಲ ಮೊದಲು 1 ಲಕ್ಷ, ಆಮೇಲೆ 2 ಲಕ್ಷದವರೆಗೆ, ಬಡ್ಡಿ ಶೇ. 5. ಅಂದರೆ ಡ್ರಮ್‌ಗೆ ಸಾಕಾಗಬಹುದು, ಒಬ್ಬರ ವೈಡ್ ಬೆಲ್ಟ್‌ಗೆ ಸಾಲದು. ಮಾಮು ಈಗ ತಮ್ಮ ಓಣಿಯ ಇನ್ನೂ ಮೂವರ ಜೊತೆ ಮಾತಾಡುತ್ತಿದ್ದಾರೆ. ಮಾತು ಮುಗಿದಿಲ್ಲ.

ಧೂಳಿನ ಖರ್ಚು

ದುಡ್ಡು ಉಳಿಸಲು ಎಲ್ಲರೂ ಮೊದಲು ಬಿಡುವುದು ಧೂಳು ಎಳೆಯುವ ಮಷಿನ್. ಅದನ್ನು ಬಿಡಬಾರದು. 100 ಚದರ ಅಡಿ ಹಲಗೆಯಿಂದ 1 ಮಿ.ಮೀ. ತೆಗೆದರೆ ಸುಮಾರು 9 ಲೀಟರ್ ಗಟ್ಟಿ ಕಟ್ಟಿಗೆ ಪುಡಿಯಾಗುತ್ತದೆ. ಸಾಗವಾನಿಯಾದರೆ ಸುಮಾರು 6 ಕಿಲೋ. ರಂದಾದ ಹೊಟ್ಟು ಕೆಳಗೆ ಬೀಳುತ್ತದೆ, ಈ ಪುಡಿ ಗಾಳಿಯಲ್ಲಿ ತೇಲಿ ಮೂಗಿಗೆ ಹೋಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲೇ ಕಟ್ಟಿಗೆ ಧೂಳನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಮೂಗು ಮತ್ತು ಅದರ ಸುತ್ತಲಿನ ಟೊಳ್ಳುಗಳಿಗೆ ಅದರಿಂದ ಅಪಾಯ. ಸಣ್ಣ ಧೂಳು ತುಂಬಿದ ಕೋಣೆಯಲ್ಲಿ ಬೀಡಿ ಕಿಡಿಯೂ ಬೆಂಕಿ ಹಚ್ಚಬಲ್ಲದು. ಆದ್ದರಿಂದ ಮೇಲಿನ ಎರಡೂ ಬೆಲೆಯಲ್ಲಿ ಧೂಳಿನ ಮಷಿನ್ ಸೇರಿಸಿಯೇ ಹಿಡಿದಿದ್ದೇನೆ. ಅದಿಲ್ಲದೆ ಲೆಕ್ಕ ಕಡಿಮೆ ಬಂದರೆ, ಉಳಿದ ಖರ್ಚನ್ನು ಆ ಹುಡುಗ ತನ್ನ ಎದೆಯಿಂದ ಕೊಡುತ್ತಿದ್ದಾನೆ ಎಂದರ್ಥ.

ಕೊಳ್ಳುವ ಮೊದಲು ಕೇಳಬೇಕಾದವು

ಕಳೆದ 12 ತಿಂಗಳಲ್ಲಿ ಎಷ್ಟು ಚದರ ಅಡಿ ಉಜ್ಜಿದ್ದೇವೆ? ಎಲ್ಲಕ್ಕಿಂತ ಕೆಟ್ಟ ತಿಂಗಳಲ್ಲಿ ಎಷ್ಟು?

ನಾವು ಮಾಡುವ ಅತಿ ಅಗಲದ ವಸ್ತು ಎಷ್ಟು ಇಂಚು? ಅತಿ ಚಿಕ್ಕ ತುಂಡು ಎಷ್ಟು ಉದ್ದ? ಒತ್ತಿ ಹಿಡಿಯುವ ಎರಡು ರೋಲರ್‌ಗಳ ನಡುವಿನ ಅಂತರಕ್ಕಿಂತ ಗಿಡ್ಡ ತುಂಡನ್ನು ಯಾವ ಮಷಿನ್‌ಗೂ ಕೊಡಬಾರದು, ಅದು ಹಿಂದಕ್ಕೆ ಸಿಡಿಯಬಹುದು.

ತ್ರೀ ಫೇಸ್ ಇದೆಯೇ? ಲೋಡ್ ಹೆಚ್ಚಿಸಲು ಎಷ್ಟು ಕಟ್ಟಬೇಕು?

ಬೆಲ್ಟ್, ಪಟ್ಟಿ ಎಲ್ಲಿ ಸಿಗುತ್ತವೆ? ಬೆಳಗಾವಿ ಅಥವಾ ಹುಬ್ಬಳ್ಳಿಯಿಂದ ಮೆಕ್ಯಾನಿಕ್ ಬರಲು ಎಷ್ಟು ದಿನ? ಹೆದ್ದಾರಿಯಲ್ಲಿರುವ ಕಿತ್ತೂರಿನವರಿಗೂ, ಒಳಗಿರುವ ರಾಮದುರ್ಗದವರಿಗೂ ಉತ್ತರ ಒಂದೇ ಆಗಿರುವುದಿಲ್ಲ. ಮಳೆಗಾಲದ ತೇವದಲ್ಲಿ ಬೆಲ್ಟ್ ಮುದುಡುತ್ತದೆ, ತೂಗು ಹಾಕಲು ಒಣ ಜಾಗ ಇದೆಯೇ?

ಬೆಲೆಯ ಮೇಲಿನ ಜಿಎಸ್‌ಟಿ ನಮಗೆ ಹೂಡುವಳಿ ತೆರಿಗೆ ಜಮೆಯಾಗಿ ಸಿಗುತ್ತದೆಯೇ? ನೋಂದಣಿ ಇಲ್ಲದವರಿಗೂ, ಕಾಂಪೊಸಿಷನ್‌ನಲ್ಲಿ ಇರುವವರಿಗೂ ಸಿಗುವುದಿಲ್ಲ. ಅವರು ತೆರಿಗೆ ಸೇರಿದ ಬೆಲೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು.

ಇಷ್ಟಕ್ಕೂ ಉತ್ತರ ಬರೆದಿಟ್ಟುಕೊಂಡು, ಸ್ಥಿರ ವೆಚ್ಚದ ವ್ಯತ್ಯಾಸವನ್ನು ಚದರ ಅಡಿಯ ಉಳಿತಾಯದಿಂದ ಭಾಗಿಸಿ. ಬಂದ ಸಂಖ್ಯೆಯನ್ನು ಬಿಲ್ ಬುಕ್ ಪಕ್ಕ ಇಡಿ. ಒಬ್ಬರೇ ಇದ್ದರೆ ಹೆಚ್ಚಾಗಿ ಡ್ರಮ್ ಎಂದು ಬರುತ್ತದೆ, ನಂಬಿಕೆಯ ನಾಲ್ವರು ಇದ್ದರೆ ವೈಡ್ ಬೆಲ್ಟ್. ನಿಮ್ಮ ಮನೆಯ ಅಂಗಡಿಯ ಸಂಖ್ಯೆ ಹಾಕಿ ನೋಡಿದವರು ಕಾಮರ್ಸ್ ವಿಭಾಗದಲ್ಲಿ ನನಗೆ ತೋರಿಸಿ. ಎಲ್ಲರ ಗಡಿ ಎಲ್ಲಿ ಬರುತ್ತದೆ ಎಂದು ಕೂತು ಹೋಲಿಸೋಣ.